ರೆಖ್ಮಿರೆ ಮತ್ತು ಅವನ ಸಮಾಧಿ: ಪದೇ ಪದೇ ಕೇಳುವ ಪ್ರಶ್ನೆಗಳು

ಈಜಿಪ್ಟ್ ಅಂದ ತಕ್ಷಣ ಪಿರಮಿಡ್ಡು, ಮಮ್ಮಿ, ಟುಟಾಂಖಾಮುನ್‌ನ ಚಿನ್ನದ ಮುಖವಾಡ ನೆನಪಾಗುತ್ತವೆ. ಎಲ್ಲವೂ ರಾಜರ ಸುದ್ದಿಯೇ. ಆದರೆ ಆ ರಾಜ್ಯವನ್ನು ದಿನಾ ನಡೆಸುತ್ತಿದ್ದವರು ಯಾರು? ತೆರಿಗೆ ಲೆಕ್ಕ ಬರೆದವರು, ಜಮೀನಿನ ಜಗಳ ಬಿಡಿಸಿದವರು, ದೇವಸ್ಥಾನಕ್ಕೆ ಇಟ್ಟಿಗೆ ಹಾಕಿಸಿದವರು ಯಾರು? ಅದನ್ನು ತಿಳಿಯಬೇಕಾದರೆ ಅಧಿಕಾರಿಗಳ ಸಮಾಧಿಗಳ ಒಳಗೆ ಹೋಗಬೇಕು. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ರೆಖ್ಮಿರೆಯ ಸಮಾಧಿ. ಅದರ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ರೆಖ್ಮಿರೆ ಯಾರು? ಯಾವ ಕಾಲದವನು?

ರೆಖ್ಮಿರೆ ಪ್ರಾಚೀನ ಈಜಿಪ್ಟಿನ ವಜೀರ. ಅಧಿಕಾರದಲ್ಲಿ ರಾಜನ ನಂತರದ ಸ್ಥಾನ ಅವನದು. ಹದಿನೆಂಟನೇ ರಾಜವಂಶದ ಮೂರನೇ ಥುಟ್ಮೋಸ್ ಕ್ರಿ.ಪೂ. 1479ರಿಂದ 1425ರವರೆಗೆ ಆಳಿದ. ಆ ಆಳ್ವಿಕೆಯ ಕೊನೆಯ ಭಾಗದಲ್ಲಿ ರೆಖ್ಮಿರೆ ಈ ಹುದ್ದೆಯಲ್ಲಿದ್ದ. ರಾಜನ ಮಗ ಎರಡನೇ ಅಮೆನ್‌ಹೋಟೆಪ್ ಪಟ್ಟಕ್ಕೆ ಬಂದಾಗಲೂ ಅವನೇ ವಜೀರ. ಹೊಸ ರಾಜನನ್ನು ಎದುರುಗೊಳ್ಳಲು ನೈಲ್ ನದಿಯಲ್ಲಿ ದೋಣಿ ಹತ್ತಿ ಹೋಗಿ ಬಂದದ್ದನ್ನು ಸಮಾಧಿಯ ಗೋಡೆಯ ಮೇಲೆ ಬರೆಸಿದ್ದಾನೆ. ಇವತ್ತಿಗೆ ಸುಮಾರು 3,450 ವರ್ಷ ಹಿಂದಿನ ಮಾತು ಇದು.

ಆಗ ಈಜಿಪ್ಟ್ ತುಂಬಾ ದೊಡ್ಡದಾಗಿ ಬೆಳೆದಿತ್ತು. ಮೂರನೇ ಥುಟ್ಮೋಸ್ ಮತ್ತೆ ಮತ್ತೆ ದಂಡೆತ್ತಿ ಹೋಗಿ, ಉತ್ತರದಲ್ಲಿ ಯೂಫ್ರೆಟಿಸ್ ನದಿಯವರೆಗೆ ಮುಟ್ಟಿದ್ದ. ದಕ್ಷಿಣದಲ್ಲಿ ಈಗಿನ ಸುಡಾನಿನ ಒಳಗಿನವರೆಗೂ ಅವನ ಹಿಡಿತ ಇತ್ತು. ರಾಜ ಹೀಗೆ ತಿಂಗಳುಗಟ್ಟಲೆ ಯುದ್ಧದಲ್ಲಿದ್ದರೆ ಮನೆ ನೋಡಿಕೊಳ್ಳೋಕೆ ಗಟ್ಟಿ ಮನುಷ್ಯ ಬೇಕಲ್ವಾ? ಇಡೀ ದೇಶಕ್ಕೆ ಒಬ್ಬ ಸಾಲದು ಅಂತ ಉತ್ತರಕ್ಕೊಬ್ಬ, ದಕ್ಷಿಣಕ್ಕೊಬ್ಬ ಅಂತ ಇಬ್ಬರು ವಜೀರರನ್ನು ಇಟ್ಟಿದ್ದರು. ರೆಖ್ಮಿರೆ ದಕ್ಷಿಣದವನು. ದಕ್ಷಿಣದ ಗಡಿಯ ಎಲಿಫೆಂಟೈನ್‌ನಿಂದ ದೇಶದ ಮಧ್ಯದ ಅಸ್ಯೂತ್‌ವರೆಗಿನ ನೈಲ್ ಕಣಿವೆ ಅವನ ಕೈಕೆಳಗಿತ್ತು.

ಹೆಸರಿನ ಅರ್ಥ ಏನು?

"ರೇ ದೇವರ ಹಾಗೆ ತಿಳಿದವನು" ಅಂತ. ರೇ ಅಂದರೆ ಸೂರ್ಯದೇವ.

ಅವನಿಗೆ ಇಷ್ಟು ದೊಡ್ಡ ಹುದ್ದೆ ಸಿಕ್ಕಿದ್ದು ಹೇಗೆ?

ಮನೆತನದ ಬಲ ಇತ್ತು. ಅಜ್ಜ ಅಹ್ಮೋಸ್ ವಜೀರನಾಗಿದ್ದ. ಅಜ್ಜನ ನಂತರ ಅವನ ಮಗ ಯೂಸೆರಾಮುನ್ ಬಂದ. ಯೂಸೆರಾಮುನ್ ರೆಖ್ಮಿರೆಯ ತಂದೆಯ ಅಣ್ಣತಮ್ಮಂದಿರಲ್ಲಿ ಒಬ್ಬ. ರೆಖ್ಮಿರೆಯ ಸ್ವಂತ ತಂದೆ ನೆಫೆರ್‌ವೆಬೆನ್ ಮಾತ್ರ ಅಮುನ್ ದೇವರ ಸೇವೆಯಲ್ಲಿದ್ದ ಸಾಮಾನ್ಯ ಪುರೋಹಿತ. ಹಾಗಾಗಿ ಹುದ್ದೆ ಬಂದದ್ದು ಅಪ್ಪನಿಂದಲ್ಲ, ಅಪ್ಪನ ಒಡಹುಟ್ಟಿದವನಿಂದ. ಹೆಂಡತಿಯ ಹೆಸರು ಮೆರಿತ್. ತಾಯಿ ಬೆತ್. ಸಮಾಧಿಯ ಗೋಡೆಯ ಮೇಲೆ ಈ ಕುಟುಂಬದವರೆಲ್ಲ ಸಾಲಾಗಿ ಕೂತಿದ್ದಾರೆ.

ಒಂದೇ ಮನೆಯಲ್ಲಿ ಮೂರು ತಲೆಮಾರು ಇಷ್ಟು ದೊಡ್ಡ ಅಧಿಕಾರ ಉಳಿದದ್ದು ಸಣ್ಣ ಮಾತಲ್ಲ. ಆದರೆ ರೆಖ್ಮಿರೆಯ ನಂತರ ಅದು ಕೈತಪ್ಪಿತು. ಮುಂದಿನ ವಜೀರ ಅಮೆನೆಮೋಪೆಟ್ ಬೇರೆ ಮನೆಯವನು. ಈ ಮಾತು ನೆನಪಿರಲಿ, ಕೆಳಗೆ ಮತ್ತೆ ಬೇಕಾಗುತ್ತದೆ.

ವಜೀರ ಅಂದರೆ ದಿನಾ ಏನು ಕೆಲಸ ಮಾಡುತ್ತಿದ್ದ?

ಇದಕ್ಕೆ ಉತ್ತರ ಅವನ ಸಮಾಧಿಯಲ್ಲೇ ಇದೆ. "ವಜೀರನ ಕರ್ತವ್ಯಗಳು" ಅಂತ ಇವತ್ತು ವಿದ್ವಾಂಸರು ಕರೆಯುವ ಉದ್ದನೆಯ ಬರಹವನ್ನು ಗೋಡೆ ತುಂಬಾ ಬರೆಸಿದ್ದಾನೆ. ಅಷ್ಟು ಹಳೆಯ ಕಾಲದ ಒಂದು ಕಚೇರಿ ಹೇಗೆ ನಡೆಯುತ್ತಿತ್ತು ಅನ್ನೋದು ಇಷ್ಟು ವಿವರವಾಗಿ ಸಿಗುವುದು ತುಂಬಾ ಅಪರೂಪ.

ಬರಹ ಕುರ್ಚಿಯಿಂದ ಶುರುವಾಗುತ್ತದೆ. ವಜೀರ ಒರಗುವ ಕುರ್ಚಿಯಲ್ಲಿ ಕೂರಬೇಕು. ನೆಲಕ್ಕೆ ಚಾಪೆ, ಬೆನ್ನಿಗೊಂದು ದಿಂಬು, ಕಾಲ ಕೆಳಗೊಂದು ದಿಂಬು, ಕೈಯಲ್ಲಿ ದಂಡ. ಎದುರಿಗೆ ಎರಡು ಸಾಲಿನಲ್ಲಿ ದಕ್ಷಿಣದ ಅಧಿಕಾರಿಗಳು. ಮಧ್ಯದಲ್ಲಿ ಚಾಪೆಗಳ ಮೇಲೆ 40 ಉದ್ದನೆಯ ವಸ್ತುಗಳನ್ನು ಜೋಡಿಸಿಟ್ಟಿದ್ದಾರೆ. ಅವು ಕಾನೂನಿನ ಸುರುಳಿಗಳೋ, ಶಿಕ್ಷೆ ಕೊಡುವ ಚರ್ಮದ ಕೋಲುಗಳೋ ಅಂತ ವಿದ್ವಾಂಸರು ಈಗಲೂ ವಾದ ಮಾಡುತ್ತಾರೆ. ಬಂದವರನ್ನು ಸರದಿ ಪ್ರಕಾರ ಒಬ್ಬೊಬ್ಬರನ್ನೇ ಕೇಳಬೇಕು. ಹಿಂದಿದ್ದವನು ನುಗ್ಗಿ ಮುಂದೆ ಬರುವ ಹಾಗಿಲ್ಲ.

ಬೆಳಿಗ್ಗೆ ಮೊದಲು ರಾಜನನ್ನು ಕಂಡು ಕ್ಷೇಮ ವಿಚಾರಿಸಬೇಕು. ಆಮೇಲೆ ಖಜಾನೆಯ ಮುಖ್ಯಸ್ಥನ ಭೇಟಿ. ಎಲ್ಲವೂ ಸರಿಯಾಗಿದೆ, ಯಾವ ಬಾಗಿಲು ಯಾವಾಗ ಮುಚ್ಚಿತು, ಯಾವಾಗ ತೆರೆಯಿತು ಅಂತ ಇಬ್ಬರೂ ಪರಸ್ಪರ ವರದಿ ಒಪ್ಪಿಸಿಕೊಳ್ಳಬೇಕು. ನೈಲ್ ನದಿಗೆ ನೀರು ಏರಿದ ಸುದ್ದಿ, ಆಕಾಶದಲ್ಲಿ ಲುಬ್ಧಕ ನಕ್ಷತ್ರ ಮತ್ತೆ ಕಾಣಿಸಿದ ಸುದ್ದಿ, ಮಳೆ ಬಿದ್ದ ಸುದ್ದಿ ಎಲ್ಲವೂ ಅವನಿಗೇ ಬರಬೇಕು. ಲುಬ್ಧಕ ಕಾಣಿಸಿದರೆ ಪ್ರವಾಹದ ಕಾಲ ಹತ್ತಿರ ಬಂತು ಅಂತ ಲೆಕ್ಕ. ಪ್ರವಾಹ ಬಂದರೆ ಬೆಳೆ. ಬೆಳೆ ಬಂದರೆ ತೆರಿಗೆ.

ಜಮೀನಿನ ಅರ್ಜಿಗಳ ವಿಷಯ ನನಗೆ ತುಂಬಾ ಹಿಡಿಸಿತು. ಬಾಯಿಮಾತಿನ ದೂರು ನಡೆಯಲ್ಲ, ಬರೆದು ಕೊಡಬೇಕು. ಹೊಲ ರಾಜಧಾನಿಯ ಹತ್ತಿರ ಇದ್ದರೆ 3 ದಿನದ ಗಡುವು. ದೂರದ ಊರಲ್ಲಿದ್ದರೆ 2 ತಿಂಗಳು. ದೂರದ ಓಡಾಟಕ್ಕೆ ಹೆಚ್ಚಾಗಿ ದೋಣಿಯನ್ನೇ ನಂಬಿದ್ದ ಕಾಲ ಅದು. ದೂರದವನಿಗೆ ಜಾಸ್ತಿ ಸಮಯ ಬೇಕು ಅಂತ ಯಾರೋ ಕೂತು ಯೋಚಿಸಿದ್ದಾರೆ. ಕಡತಗಳಿಗೂ ನಿಯಮ ಇದೆ. ವಜೀರ ತರಿಸಿ ನೋಡಿದ ಕಡತವನ್ನು ಅವನ ಮುದ್ರೆ ಒತ್ತಿಯೇ ವಾಪಸ್ ಕಳಿಸಬೇಕು. ಗುಟ್ಟಿನ ಕಡತವಾದರೆ ಸಿಕ್ಕ ಸಿಕ್ಕ ಗುಮಾಸ್ತರ ಕೈಗೆ ಕೊಡುವ ಹಾಗಿಲ್ಲ.

ಹುದ್ದೆ ಕೊಡುವಾಗ ರಾಜ ಅವನಿಗೆ ಏನು ಹೇಳಿದ?

ಈ ಬರಹವೂ ಗೋಡೆಯ ಮೇಲಿದೆ. ವಜೀರನ ಕೆಲಸ ಸಿಹಿಯಲ್ಲ, ಪಿತ್ತದ ಹಾಗೆ ಕಹಿ ಅಂತ ರಾಜ ಎಚ್ಚರಿಕೆ ಕೊಡುತ್ತಾನೆ. ಗೊತ್ತಿರುವವನನ್ನೂ ಗೊತ್ತಿಲ್ಲದವನನ್ನೂ ಒಂದೇ ರೀತಿ ನೋಡು ಅನ್ನುತ್ತಾನೆ. ದೂರು ತಂದವನಿಗೆ ತೀರ್ಪಿಗಿಂತ ತನ್ನ ಮಾತನ್ನು ಯಾರಾದರೂ ಕಿವಿಗೊಟ್ಟು ಕೇಳಬೇಕು ಅನ್ನೋ ಆಸೆಯೇ ದೊಡ್ಡದು, ಅದಕ್ಕೇ ಪೂರ್ತಿ ಕೇಳಿಸಿಕೋ ಅನ್ನುತ್ತಾನೆ. ಬಹಿರಂಗವಾಗಿ ನ್ಯಾಯ ಹೇಳುವ ಅಧಿಕಾರಿ ಏನು ಮಾಡಿದರೂ ಗಾಳಿ ಮತ್ತು ನೀರು ಅದರ ಸುದ್ದಿ ಹೊತ್ತು ಹೋಗುತ್ತವೆ ಅನ್ನುತ್ತಾನೆ. ಸರ್ಕಾರಿ ಕುರ್ಚಿಯಲ್ಲಿ ಕೂತ ಯಾರಿಗಾದರೂ ಇವತ್ತೂ ನಾಟುವ ಮಾತು.

ಇದರಲ್ಲೊಂದು ಚಿಕ್ಕ ಕಥೆ ಬರುತ್ತದೆ. ಹಿಂದೆ ಖೇತಿ ಅನ್ನೋ ವಜೀರ ಇದ್ದ. ನಂಟರ ಪರ ತೀರ್ಪು ಕೊಟ್ಟರೆ ಜನ ಪಕ್ಷಪಾತ ಅನ್ನುತ್ತಾರೆ ಅಂತ ಅವನಿಗೆ ಭಯ. ಅದಕ್ಕೇ ತನ್ನವರ ಕಡೆ ನ್ಯಾಯ ಇದ್ದಾಗಲೂ ಬೇರೆಯವರ ಪರವೇ ತೀರ್ಪು ಕೊಡುತ್ತಿದ್ದ. ರಾಜ ಇದನ್ನು ಹೊಗಳುವುದಿಲ್ಲ. ಇದು ನ್ಯಾಯದ ಗಡಿ ದಾಟಿದ ನಡವಳಿಕೆ, ಹಾಗೆ ಮಾಡಬೇಡ ಅನ್ನುತ್ತಾನೆ. ಒಳ್ಳೆಯ ಹೆಸರು ಬೇಕು ಅಂತ ಸ್ವಂತದವರಿಗೆ ಅನ್ಯಾಯ ಮಾಡಿದರೂ ಅದು ಅನ್ಯಾಯವೇ. ಮೂರೂವರೆ ಸಾವಿರ ವರ್ಷದ ಹಿಂದೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರು.

ಒಂದು ಸಂಗತಿ ಸೇರಿಸಬೇಕು. ಈ ಮಾತುಗಳು ರೆಖ್ಮಿರೆ ಒಬ್ಬನಿಗೇ ಹೇಳಿದ್ದಲ್ಲ. ಯೂಸೆರಾಮುನ್‌ನ ಸಮಾಧಿಯಲ್ಲೂ ಇದೇ ಪಾಠ ಇದೆ. ವಜೀರನಾದವನಿಗೆ ಓದಿ ಹೇಳುವ ಗೊತ್ತಾದ ಉಪದೇಶ ಇದು. ರೆಖ್ಮಿರೆಯ ಗೋಡೆಯಲ್ಲಿ ಅದು ಚೆನ್ನಾಗಿ ಉಳಿದುಕೊಂಡಿದೆ.

ತನ್ನ ಬಗ್ಗೆ ಅವನೇ ಏನು ಹೇಳಿಕೊಂಡಿದ್ದಾನೆ?

ಬಡವನಿಗೂ ಶ್ರೀಮಂತನಿಗೂ ಒಂದೇ ನ್ಯಾಯ ಕೊಟ್ಟೆ. ಬಲಹೀನನನ್ನು ಬಲಶಾಲಿಯಿಂದ ಕಾಪಾಡಿದೆ. ಗಂಡನಿಲ್ಲದ ವಿಧವೆಗೆ ರಕ್ಷಣೆ ಕೊಟ್ಟೆ. ಹಸಿದವನಿಗೆ ರೊಟ್ಟಿ, ಬಾಯಾರಿದವನಿಗೆ ನೀರು ಕೊಟ್ಟೆ. ಕೈಯಲ್ಲಿ ಏನೂ ಇಲ್ಲದವನ ಮಾತಿಗೂ ಕಿವುಡಾಗಲಿಲ್ಲ, ಯಾರಿಂದಲೂ ಲಂಚ ತೆಗೆದುಕೊಳ್ಳಲಿಲ್ಲ. ಸಾರಾಂಶ ಇಷ್ಟು. ಸಮಾಧಿಯಲ್ಲಿ ತನ್ನನ್ನು ಹೊಗಳಿಕೊಳ್ಳುವುದು ಆಗಿನ ಪದ್ಧತಿ, ಹೀಗೆ ಬರೆಸಿದವರು ತುಂಬಾ ಜನ ಇದ್ದಾರೆ. ಆದರೂ ಸತ್ತ ಮೇಲೆ ಯಾವುದಕ್ಕೆ ನೆನಪಾಗಬೇಕು ಅಂತ ಅವರು ಬಯಸಿದರು ಅನ್ನೋದು ಇದರಿಂದ ಗೊತ್ತಾಗುತ್ತದೆ. ಗೆದ್ದ ಯುದ್ಧಕ್ಕಲ್ಲ, ಕೇಳಿಸಿಕೊಂಡ ದೂರಿಗೆ.

ಸಮಾಧಿ ಎಲ್ಲಿದೆ? ಒಳಗೆ ಹೇಗಿದೆ?

ಈಗಿನ ಲಕ್ಸರ್ ಊರಿನ ಎದುರಿಗೆ, ನೈಲ್‌ನ ಪಶ್ಚಿಮ ದಡದಲ್ಲಿ ಶೇಖ್ ಅಬ್ದ್ ಅಲ್ ಕುರ್ನಾ ಅನ್ನೋ ಗುಡ್ಡ ಇದೆ. ಅದನ್ನು ಕೊರೆದು ಮಾಡಿದ ಸಮಾಧಿ ಇದು. ಪುರಾತತ್ವದವರು ಟಿಟಿ 100 ಅಂತ ಸಂಖ್ಯೆ ಕೊಟ್ಟಿದ್ದಾರೆ. ಟಿಟಿ ಅಂದರೆ ಥೀಬ್ಸ್‌ನ ಸಮಾಧಿ, ಥೀಬ್ಸ್ ಅನ್ನೋದು ಲಕ್ಸರ್‌ನ ಹಳೆಯ ಹೆಸರು. ಸೂರ್ಯ ಮುಳುಗುವ ದಿಕ್ಕು ಸತ್ತವರ ದಿಕ್ಕು ಅಂತ ಅವರ ನಂಬಿಕೆ. ಅದಕ್ಕೇ ಊರು ಪೂರ್ವ ದಡದಲ್ಲಿ, ಸಮಾಧಿಗಳು ಪಶ್ಚಿಮದಲ್ಲಿ. ಇಡೀ ಪ್ರದೇಶ 1979ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಬಾಗಿಲು ದಾಟಿದರೆ ಮೊದಲು ಅಡ್ಡಕ್ಕೆ ಒಂದು ಹಜಾರ. ಅದರ ಮಧ್ಯದಿಂದ ಗುಡ್ಡದ ಒಳಕ್ಕೆ ನೇರವಾಗಿ ಹೋಗುವ ಉದ್ದನೆಯ ಓಣಿ. ಮೇಲಿಂದ ನೋಡಿದರೆ ಇಂಗ್ಲಿಷಿನ ಟಿ ಅಕ್ಷರ ತಲೆಕೆಳಗಾಗಿ ಇಟ್ಟ ಹಾಗೆ. ಇಂಥ ನಕ್ಷೆ ಈ ಗುಡ್ಡದಲ್ಲಿ ಮಾಮೂಲು. ಮಾಮೂಲಲ್ಲದ್ದು ಚಾವಣಿ. ಓಣಿ ಶುರುವಾಗುವಲ್ಲಿ ಅದು ಸುಮಾರು 3 ಮೀಟರ್ ಎತ್ತರ ಇದೆ. ಒಳಗೆ ಹೋದಷ್ಟೂ ಮೇಲೇರುತ್ತಾ ಕೊನೆಯಲ್ಲಿ ಸುಮಾರು 8 ಮೀಟರ್ ಆಗುತ್ತದೆ. ನೆಲ ಮಾತ್ರ ಮಟ್ಟವಾಗಿಯೇ ಇದೆ. ನಡೆಯುತ್ತಾ ಹೋದ ಹಾಗೆ ಗೋಡೆಗಳು ಎರಡೂ ಕಡೆ ಬೆಳೆಯುತ್ತಾ ಹೋಗುತ್ತವೆ. ಕೊನೆಯ ಗೋಡೆಯಲ್ಲಿ, ಕೈಗೆಟುಕದ ಎತ್ತರದಲ್ಲಿ ಒಂದು ಗೂಡು. ಅಲ್ಲಿದ್ದ ಹುಸಿ ಬಾಗಿಲು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಹುಸಿ ಬಾಗಿಲು ಅಂದರೆ ಕಲ್ಲಿನಲ್ಲಿ ಕೆತ್ತಿದ, ತೆರೆಯದ ಬಾಗಿಲು. ಸತ್ತವನ ಜೀವ ಅದರ ಮೂಲಕ ಬಂದು ನೈವೇದ್ಯ ಸ್ವೀಕರಿಸುತ್ತದೆ ಅಂತ ನಂಬಿದ್ದರು.

ಅವನ ಮಮ್ಮಿ ಅಲ್ಲಿ ಸಿಕ್ಕಿತಾ?

ಇಲ್ಲ. ಇನ್ನೂ ವಿಚಿತ್ರ ಅಂದರೆ ಶವ ಇಡಲು ಬೇಕಾದ ಬಾವಿಯಂಥ ಗುಂಡಿಯೇ ಟಿಟಿ 100ರಲ್ಲಿ ಸಿಕ್ಕಿಲ್ಲ. ಸಾಮಾನ್ಯವಾಗಿ ಇಂಥ ಸಮಾಧಿಗೆ ಎರಡು ಭಾಗ ಇರುತ್ತವೆ. ಬದುಕಿರುವವರು ಬಂದು ನೈವೇದ್ಯ ಇಟ್ಟು ಹೋಗುವ ಚಿತ್ರಗಳಿರುವ ಹಜಾರ ಒಂದು. ಅದರ ಆಳದಲ್ಲಿ ಶವ ಇಟ್ಟು ಮುಚ್ಚಿಬಿಡುವ ಕೋಣೆ ಇನ್ನೊಂದು. ಇಲ್ಲಿ ಮೊದಲನೆಯದು ಮಾತ್ರ ಇದೆ.

ಯೂಸೆರಾಮುನ್‌ನ ವಿಷಯ ನೋಡಿದರೆ ಸ್ವಲ್ಪ ಸುಳಿವು ಸಿಗುತ್ತದೆ. ಅವನಿಗೆ ಎರಡು ಸಮಾಧಿಗಳಿದ್ದವು. ಟಿಟಿ 131 ಜನ ಬಂದು ಹೋಗಲು. ಟಿಟಿ 61ರಲ್ಲಿ ಶವದ ಕೋಣೆ. ರೆಖ್ಮಿರೆಯೂ ಹಾಗೇ ಮಾಡಿರಬಹುದು ಅಂತ ಅನೇಕರು ಊಹಿಸುತ್ತಾರೆ. ಹಾಗಾಗಿ "ಸಮಾಧಿ" ಅಂತ ನಾವು ಕರೆಯುವ ಈ ಜಾಗ ಒಂದು ರೀತಿಯಲ್ಲಿ ಅವನ ನೆನಪಿನ ಮನೆ.

ಗೋಡೆಗಳ ಮೇಲೆ ಕಾಣುವ ವಿದೇಶಿಯರು ಯಾರು?

ಹಜಾರದ ಒಂದು ಗೋಡೆಯಲ್ಲಿ ಐದು ಸಾಲುಗಳಲ್ಲಿ ಜನ ಕಾಣಿಕೆ ಹೊತ್ತು ಬರುತ್ತಾರೆ. ಮೇಲಿನ ಸಾಲಿನವರು ಕೆಂಪು ಸಮುದ್ರದ ದಕ್ಷಿಣ ಭಾಗದ ಕಡೆ ಇದ್ದ ಪುಂಟ್ ದೇಶದವರು. ಅವರ ಜತೆ ಧೂಪದ ಮರ, ಧೂಪದ ರಾಶಿ, ಕೋತಿಗಳು, ಚಿರತೆ ಚರ್ಮ. ಎರಡನೆಯವರು ಕೆಫ್ತಿಯು, ಅಂದರೆ ಕ್ರೀಟ್ ದ್ವೀಪದ ಕಡೆಯವರು. ಉದ್ದ ಕೂದಲು, ಅಂದವಾದ ಹೂಜಿಗಳು, ಪ್ರಾಣಿಯ ತಲೆಯ ಆಕಾರದ ಪಾತ್ರೆಗಳು. ಮೂರನೆಯವರು ಈಜಿಪ್ಟಿನ ದಕ್ಷಿಣಕ್ಕಿದ್ದ ನ್ಯೂಬಿಯಾದವರು. ಅವರು ತಂದ ಜಿರಾಫೆಯ ಕತ್ತಿನ ಮೇಲೆ ಒಂದು ಪುಟ್ಟ ಕೋತಿ ಹತ್ತಿ ಹೋಗುತ್ತಿದೆ. ನಾಲ್ಕನೆಯವರು ಸಿರಿಯಾ ಕಡೆಯವರು. ಕುದುರೆ, ರಥ, ತಾಮ್ರದ ಗಟ್ಟಿ, ಒಂದು ಕರಡಿ, ಮನುಷ್ಯನ ಸೊಂಟದೆತ್ತರದ ಒಂದು ಆನೆ ಅವರ ಸಾಲಿನಲ್ಲಿವೆ. ಕೊನೆಯ ಸಾಲಿನಲ್ಲಿ ಸೆರೆಯಾಳುಗಳು. ಅವರಲ್ಲಿ ಮಕ್ಕಳ ಕೈ ಹಿಡಿದ ತಾಯಂದಿರೂ ಇದ್ದಾರೆ. ಮೇಲಿನ ನಾಲ್ಕು ಸಾಲು ನೋಡಿ ಖುಷಿಪಟ್ಟವರು ಈ ಸಾಲನ್ನೂ ನಿಂತು ನೋಡಬೇಕು ಅಂತ ನನ್ನ ಕೋರಿಕೆ.

ಕ್ರೀಟ್‌ನವರ ಬಟ್ಟೆಯಲ್ಲೊಂದು ವಿಶೇಷ ಇದೆ. ಮೊದಲು ಬರೆದಿದ್ದು ಒಂದು ಬಗೆಯ ಲಂಗೋಟಿ. ಆಮೇಲೆ ಅದರ ಮೇಲೆಯೇ ಬಣ್ಣ ಹಚ್ಚಿ, ಚಿತ್ತಾರದ ಮೊಣಕಾಲುದ್ದದ ಬಟ್ಟೆಯಾಗಿ ಬದಲಾಯಿಸಿದ್ದಾರೆ. ಕೆಳಗಿನ ಹಳೆಯ ಗೆರೆ ಇವತ್ತಿಗೂ ಕಾಣುತ್ತದೆ. ಸಮಾಧಿಯ ಕೆಲಸ ನಡೆಯುತ್ತಿದ್ದಾಗಲೇ ಹೊಸ ಉಡುಪಿನ ಜನ ಅಲ್ಲಿಂದ ಬಂದಿರಬೇಕು ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ.

ಇಟ್ಟಿಗೆ ಮಾಡುವವರು ಬೈಬಲ್ಲಿನ ಇಸ್ರೇಲಿಗಳು ಅನ್ನುತ್ತಾರಲ್ಲ, ನಿಜವಾ?

19ನೇ ಶತಮಾನದಲ್ಲಿ ಈ ಚಿತ್ರ ಯುರೋಪಿನಲ್ಲಿ ಹೆಸರಾದದ್ದೇ ಆ ಕಾರಣಕ್ಕೆ. ಬೈಬಲ್ಲಿನಲ್ಲಿ ಇಸ್ರೇಲಿಗಳು ಈಜಿಪ್ಟಿನಲ್ಲಿ ಇಟ್ಟಿಗೆ ಮಾಡಿದ ಕಥೆ ಬರುತ್ತದೆ. ಚಿತ್ರದಲ್ಲಿ ಕೋಲು ಹಿಡಿದ ಮೇಲ್ವಿಚಾರಕ ಇದ್ದಾನೆ. ಎರಡನ್ನೂ ಜೋಡಿಸಿಬಿಟ್ಟರು. ಆದರೆ ಪಕ್ಕದ ಬರಹ ಅದನ್ನು ಹೇಳುವುದಿಲ್ಲ. ಇವರು ರಾಜ ಯುದ್ಧದಲ್ಲಿ ಹಿಡಿದು ತಂದ ಸೆರೆಯಾಳುಗಳು, ಅಮುನ್ ದೇವಸ್ಥಾನದ ಕೆಲಸಕ್ಕೆ ಹಚ್ಚಿದವರು ಅಂತ ಅಲ್ಲಿದೆ. ಮೈಬಣ್ಣ, ಗಡ್ಡ ನೋಡಿದರೆ ಸಿರಿಯಾದವರು ಮತ್ತು ನ್ಯೂಬಿಯಾದವರು.

ಚಿತ್ರವನ್ನು ಚಿತ್ರವಾಗಿ ನೋಡಿದರೆ ಸಿಗುವುದು ಇನ್ನೂ ಜಾಸ್ತಿ. ಮರಗಳ ನಡುವೆ ಒಂದು ಕೊಳ. ಒಬ್ಬ ನೀರಿಗಿಳಿದು ಕೊಡ ತುಂಬುತ್ತಿದ್ದಾನೆ. ಕೆಲವರು ಗುದ್ದಲಿಯಿಂದ ಮಣ್ಣು ಕಲಸುತ್ತಿದ್ದಾರೆ. ಒಬ್ಬ ಬಗ್ಗಿ ಮರದ ಅಚ್ಚನ್ನು ಎತ್ತುತ್ತಿದ್ದಾನೆ, ಮುಂದೆ ಹಸಿ ಇಟ್ಟಿಗೆಗಳ ಸಾಲು. ಒಣಗಿದ್ದನ್ನು ಇನ್ನೊಬ್ಬ ಹೆಗಲ ಮೇಲಿನ ಅಡ್ಡೆಯ ಎರಡು ಕಡೆ ತೂಗುಹಾಕಿ ಹೊರುತ್ತಿದ್ದಾನೆ. ಮೇಲ್ವಿಚಾರಕನ ಮಾತನ್ನೂ ಬರೆದಿದ್ದಾರೆ: ಕೋಲು ನನ್ನ ಕೈಯಲ್ಲಿದೆ, ಸೋಮಾರಿಯಾಗಬೇಡಿ. ಮರದ ಅಚ್ಚಿನಲ್ಲಿ ಇಟ್ಟಿಗೆ ಹಾಕುವುದನ್ನು ಕಣ್ಣಾರೆ ಕಂಡವರಿಗೆ ಇದರಲ್ಲಿ ಒಂದು ಹೆಜ್ಜೆಯನ್ನೂ ವಿವರಿಸಬೇಕಾಗಿಲ್ಲ.

ಬೇರೆ ಯಾವ ಕಸುಬುಗಳನ್ನು ತೋರಿಸಿದ್ದಾರೆ?

ಓಣಿಯ ಎಡಗಡೆ ಗೋಡೆಯ ದೊಡ್ಡ ಭಾಗ ಕಸುಬಿನವರದ್ದು. ಅಮುನ್ ದೇವಸ್ಥಾನದ ಕಾರ್ಖಾನೆಗಳ ಉಸ್ತುವಾರಿಯೂ ರೆಖ್ಮಿರೆಯದೇ ಆಗಿತ್ತು. ಚರ್ಮದವರು ತೊಗಲನ್ನು ದೊಡ್ಡ ಮಡಕೆಯಲ್ಲಿ ನೆನೆಹಾಕಿ, ಎಳೆದು, ಕತ್ತರಿಸಿ ಚಪ್ಪಲಿ ಮಾಡುತ್ತಿದ್ದಾರೆ. ಬಡಗಿಗಳು ಗರಗಸ ಎಳೆಯುತ್ತಿದ್ದಾರೆ, ಅಂಟಿನ ಮಡಕೆ ಬೆಂಕಿಯ ಮೇಲಿದೆ. ಮಣಿ ಮಾಡುವವನು ಬಿಲ್ಲಿನ ಒಂದೇ ಎಳೆತಕ್ಕೆ ಹಲವು ಬೈರಿಗೆಗಳನ್ನು ತಿರುಗಿಸಿ ಒಟ್ಟಿಗೆ ತೂತು ಕೊರೆಯುತ್ತಿದ್ದಾನೆ. ಶಿಲ್ಪಿಗಳು ಅಟ್ಟಣಿಗೆ ಕಟ್ಟಿಕೊಂಡು, ರಾಜನ ದೊಡ್ಡ ಕಲ್ಲಿನ ಮೂರ್ತಿಯ ಮೇಲೆ ಹತ್ತಿ ಕೂತು ನಯ ಮಾಡುತ್ತಿದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟ ಎರಕದ ದೃಶ್ಯ. ಕಾರ್ನಾಕ್‌ನ ಅಮುನ್ ದೇವಸ್ಥಾನಕ್ಕೆ ಲೋಹದ ಬಾಗಿಲು ಮಾಡಿಸುವ ಕೆಲಸ. ರಾಜ ಗೆದ್ದು ತಂದ ಏಷ್ಯಾದ ತಾಮ್ರ ಅಂತ ಬರಹ ಹೇಳುತ್ತದೆ. ಒಲೆಯ ಪಕ್ಕ ಒಬ್ಬೊಬ್ಬನ ಕಾಲ ಕೆಳಗೂ ಎರಡೆರಡು ತಿದಿ. ಒಂದು ಕಾಲನ್ನು ಒತ್ತಿದಾಗ ಆ ತಿದಿಯ ಗಾಳಿ ಬೆಂಕಿಗೆ ನುಗ್ಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕಾಲನ್ನು ಎತ್ತಿ, ಕೈಯಲ್ಲಿರುವ ದಾರದಿಂದ ಆ ಕಡೆಯ ತಿದಿಯನ್ನು ಮೇಲಕ್ಕೆ ಎಳೆದು ಗಾಳಿ ತುಂಬಿಸುತ್ತಾನೆ. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ಚಿತ್ರದಲ್ಲಿ ಸಡಿಲವಾದ ದಾರ, ಬಿಗಿಯಾದ ದಾರ ಎರಡೂ ಕಾಣುತ್ತವೆ. ಲೋಹ ಕರಗಿದ ಮೇಲೆ ಇಬ್ಬರು ಬಾಗುವ ಕೋಲುಗಳ ನಡುವೆ ಮೂಸೆಯನ್ನು ಸಿಕ್ಕಿಸಿ ಎತ್ತುತ್ತಾರೆ. ಇಕ್ಕಳ ಇಲ್ಲ, ಸುಮ್ನೆ ಎರಡು ಕೋಲು. ಆ ಕಡೆ ದೊಡ್ಡ ಚಪ್ಪಟೆ ಅಚ್ಚು, ಅದರ ಮೇಲಂಚಿಗೆ ಸಾಲಾಗಿ ಆಲಿಕೆಯಂಥ ಬಾಯಿಗಳು. ಒಂದೊಂದರೊಳಕ್ಕೂ ಹೊಯ್ಯುತ್ತಾ ಹೋಗಬೇಕು. ಚಿತ್ರ ಬರೆದವನು ಎರಕದ ಮನೆಯಲ್ಲಿ ನಿಂತು ನೋಡಿ ಬಂದವನೇ ಇರಬೇಕು. ಸುಮ್ಮನೆ ಕೇಳಿ ಬರೆದರೆ ದಾರದ ಸಡಿಲು ಯಾರಿಗೂ ಹೊಳೆಯುವುದಿಲ್ಲ.

ಸಮಾಧಿಯಲ್ಲಿ ಅಡುಗೆಯ ವಿಧಾನ ಬರೆದಿದ್ದಾರೆ ಅನ್ನೋದು ನಿಜವಾ?

ಅಳತೆ ಪಟ್ಟಿ ಇಟ್ಟು ಬರೆದ ವಿಧಾನ ಇಲ್ಲ. ಚಿತ್ರದಲ್ಲಿ ಹೆಜ್ಜೆ ಹೆಜ್ಜೆಯಾಗಿ ತೋರಿಸಿದ್ದಾರೆ. ಮುಖ್ಯ ಸಾಮಾನು ಒಂದು ಬಗೆಯ ಸಣ್ಣ ಗೆಡ್ಡೆ. ನಮ್ಮ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಕೊನ್ನಾರಿ ಗೆಡ್ಡೆಯ ಹತ್ತಿರದ ಸಂಬಂಧಿ ಅದು. ಸ್ವಲ್ಪ ಸಿಹಿ ಇರುತ್ತದೆ, ಕೊಬ್ಬಿನ ಅಂಶವೂ ಇದೆ. ಅದನ್ನು ಕುಟ್ಟುತ್ತಾರೆ, ಜರಡಿ ಹಿಡಿಯುತ್ತಾರೆ, ಜೇನುತುಪ್ಪ ಬೆರೆಸಿ ನಾದುತ್ತಾರೆ, ತ್ರಿಕೋನದ ಆಕಾರ ಕೊಟ್ಟು ಕೊಬ್ಬು ಹಾಕಿ ಬೇಯಿಸುತ್ತಾರೆ. ಇದೆಲ್ಲ ದೇವರ ನೈವೇದ್ಯಕ್ಕೆ.

ಜೇನು ಬಂದದ್ದೆಲ್ಲಿಂದ ಅಂತಲೂ ಪಕ್ಕದಲ್ಲೇ ತೋರಿಸಿದ್ದಾರೆ. ಕೊಳವೆಯಂಥ ಗೂಡುಗಳನ್ನು ಅಡ್ಡಡ್ಡವಾಗಿ ಒಂದರ ಮೇಲೊಂದು ಇಟ್ಟಿದ್ದಾರೆ. ಒಬ್ಬ ಹೊಗೆ ಹಿಡಿದಿದ್ದಾನೆ, ಇನ್ನೊಬ್ಬ ಮಂಡಿಯೂರಿ ದುಂಡನೆಯ ಎರಿಗಳನ್ನು ತೆಗೆಯುತ್ತಿದ್ದಾನೆ. ಸಾಕಿದ ಜೇನು ಕೀಳುವ ಹಳೆಯ ಚಿತ್ರಗಳಲ್ಲಿ ಇದಕ್ಕೆ ದೊಡ್ಡ ಹೆಸರಿದೆ.

ಬೆನ್ನು ತೋರಿಸಿ ನಿಂತ ಹುಡುಗಿಯ ಚಿತ್ರ ಯಾಕೆ ಅಷ್ಟು ಪ್ರಸಿದ್ಧ?

ಓಣಿಯ ಬಲಗಡೆ ಔತಣದ ದೃಶ್ಯ ಇದೆ. ಹಾರ್ಪ್ ನುಡಿಸುವವರು, ಹೂಮಾಲೆ, ಸಾಲಾಗಿ ಕೂತ ಹೆಂಗಸರು. ಅವರಿಗೆ ಉಪಚಾರ ಮಾಡುತ್ತಿರುವ ಒಬ್ಬ ಹುಡುಗಿ ನಮ್ಮ ಕಡೆ ಬೆನ್ನು ಮಾಡಿ, ಸ್ವಲ್ಪ ಓರೆಯಾಗಿ ನಿಂತಿದ್ದಾಳೆ. ಈಜಿಪ್ಟಿನ ಚಿತ್ರಗಳಲ್ಲಿ ಮನುಷ್ಯರನ್ನು ಬರೆಯಲು ಒಂದು ಕಟ್ಟುಪಾಡಿತ್ತು: ಮುಖ ಪಕ್ಕಕ್ಕೆ, ಹೆಗಲು ಎದುರಿಗೆ, ಕಾಲು ಪಕ್ಕಕ್ಕೆ. ಸಾವಿರಾರು ಚಿತ್ರಗಳು ಹಾಗೇ ಇವೆ. ಇಲ್ಲಿ ಮಾತ್ರ ಚಿತ್ರಗಾರ ಆ ಕಟ್ಟುಪಾಡನ್ನು ಒಂದು ಕ್ಷಣ ಬಿಟ್ಟಿದ್ದಾನೆ. ಅವಳ ಹಿಮ್ಮಡಿ, ಸೊಂಟದ ತಿರುವು, ಮುಂದೆ ಬಾಗಿದ ಭಂಗಿ ನೋಡಿದರೆ ನಾವೇ ಆ ಕೋಣೆಯಲ್ಲಿ ಅವಳ ಹಿಂದೆ ಕೂತ ಹಾಗಾಗುತ್ತದೆ. ಅವನ ಹೆಸರು ನಮಗೆ ಉಳಿದಿಲ್ಲ. ಆ ಗೆರೆ ಉಳಿದಿದೆ.

ಇಷ್ಟು ವರ್ಷ ಬಣ್ಣ ಹೇಗೆ ಉಳಿಯಿತು?

ಒಣ ಹವೆ, ಕತ್ತಲೆ ಎರಡೂ ಕಾಪಾಡಿವೆ. ಬಣ್ಣಗಳೂ ಹೆಚ್ಚಾಗಿ ಮಣ್ಣು ಕಲ್ಲಿನವು. ಕೆಂಪು, ಹಳದಿಗೆ ಕಾವಿಮಣ್ಣು, ಕಪ್ಪಿಗೆ ಮಸಿ. ನೀಲಿ ಮಾತ್ರ ಮರಳು, ಸುಣ್ಣ, ತಾಮ್ರ ಸೇರಿಸಿ ಕಾಯಿಸಿ ಮಾಡಿದ್ದು. ಆದರೂ ಎಲ್ಲವೂ ಉಳಿದಿಲ್ಲ. ಈ ಗುಡ್ಡದ ಸಮಾಧಿಗಳ ಒಳಗೆ ಬಹುಕಾಲ ಜನ ವಾಸವಾಗಿದ್ದರು. ಒಲೆ ಹೊಗೆಗೆ ಎಷ್ಟೋ ಗೋಡೆಗಳು ಕಪ್ಪಾದವು.

ರೆಖ್ಮಿರೆಯ ಮುಖವನ್ನು ಕೆತ್ತಿ ಹಾಕಿದ್ದು ಯಾರು?

ಸಮಾಧಿಯ ಒಳಗೆ ಹೋದವರಿಗೆ ಬೇಗ ಕಣ್ಣಿಗೆ ಬೀಳುವುದು ಇದು. ದೃಶ್ಯದ ಒಂದು ತುದಿಯಲ್ಲಿ ವಜೀರ ದೊಡ್ಡದಾಗಿ ಇರಬೇಕಾದ ಜಾಗದಲ್ಲಿ ಎಷ್ಟೋ ಕಡೆ ಉಳಿಯ ಪೆಟ್ಟುಗಳಿವೆ. ಅವನ ಆಕೃತಿಯನ್ನು ಬೇಕೆಂದೇ ಅಳಿಸಿದ್ದಾರೆ. ಎರಡನೇ ಅಮೆನ್‌ಹೋಟೆಪ್ ಕಾಲದಲ್ಲಿ ಅವನು ರಾಜನ ಕೃಪೆ ಕಳೆದುಕೊಂಡ, ಹುದ್ದೆ ಹೋಯಿತು, ವಿರೋಧಿಗಳು ಹೀಗೆ ಮಾಡಿಸಿದರು ಅಂತ ಒಂದು ವಾದ. ವಜೀರನ ಹುದ್ದೆ ಈ ಮನೆತನದ ಕೈತಪ್ಪಿ ಅಮೆನೆಮೋಪೆಟ್‌ಗೆ ಹೋದದ್ದು ಈ ವಾದಕ್ಕೆ ಬಲ ಕೊಡುತ್ತದೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ. ಇದಲ್ಲದೆ, ಮುಂದೆ ಅಖೆನಾಟೆನ್ ರಾಜನಾದಾಗ ಅಮುನ್ ದೇವರ ಹೆಸರನ್ನು ದೇಶದ ತುಂಬಾ ಅಳಿಸಿ ಹಾಕಿಸಿದ. ಆ ಗಾಯಗಳು ಬೇರೆ.

ಉಳಿ ಹಿಡಿದು ಬಂದವರು ವಜೀರನನ್ನು ಹುಡುಕಿ ಹುಡುಕಿ ಕೆತ್ತಿದರು. ಇಟ್ಟಿಗೆ ಹೊರುವವನ ತಂಟೆಗೆ ಹೋಗಲಿಲ್ಲ. ತಿದಿ ತುಳಿಯುವವನನ್ನು, ಜೇನು ಕೀಳುವವನನ್ನು, ಬೆನ್ನು ಮಾಡಿ ನಿಂತ ಹುಡುಗಿಯನ್ನು ಮುಟ್ಟಲಿಲ್ಲ. ಯಾರ ನೆನಪಿಗಾಗಿ ಇಷ್ಟೆಲ್ಲ ಬರೆಸಿದ್ದೋ ಅವನ ಮುಖ ಹೋಯಿತು, ಅವನ ಕೈಕೆಳಗೆ ದುಡಿದವರ ಮುಖಗಳು ಉಳಿದವು. ಈ ಸಮಾಧಿಯ ಬಗ್ಗೆ ನನಗೆ ಇಷ್ಟು ಪ್ರೀತಿ ಹುಟ್ಟಿದ್ದು ಇದೇ ಕಾರಣಕ್ಕೆ.

ಇದನ್ನು ಲೋಕಕ್ಕೆ ಪರಿಚಯಿಸಿದವರು ಯಾರು?

19ನೇ ಶತಮಾನದ ಮೊದಲರ್ಧದಲ್ಲೇ ಜಾನ್ ಗಾರ್ಡ್ನರ್ ವಿಲ್ಕಿನ್ಸನ್, ರಾಬರ್ಟ್ ಹೇ ಮುಂತಾದವರು ಇಲ್ಲಿಯ ಚಿತ್ರಗಳನ್ನು ನಕಲು ಮಾಡಿಕೊಂಡಿದ್ದರು. ಫಿಲಿಪ್ ವಿರೇ 1889ರಲ್ಲಿ ಸಮಾಧಿಯ ಬಗ್ಗೆ ಪ್ರಕಟಿಸಿದ. ಆದರೆ ನಿಜವಾದ ದೊಡ್ಡ ಕೆಲಸ ನಾರ್ಮನ್ ಡಿ ಗ್ಯಾರಿಸ್ ಡೇವಿಸ್ ಅವರದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪರವಾಗಿ ಗೋಡೆಗಳನ್ನು ಗೆರೆಗೆರೆಯಾಗಿ ನಕಲು ಮಾಡಿದರು. ಅವರ ಪತ್ನಿ ನೀನಾ, ಥೀಬ್ಸ್‌ನ ಸಮಾಧಿಗಳ ಚಿತ್ರಗಳನ್ನು ಬಣ್ಣದಲ್ಲಿ, ಬಿರುಕು ಕಲೆಗಳ ಸಮೇತ ನಕಲು ಮಾಡಿದವರು. ನಾರ್ಮನ್ 1941ರಲ್ಲಿ ತೀರಿಕೊಂಡರು. 1943ರಲ್ಲಿ ಅವರ ಪೂರ್ಣ ಕೆಲಸ ಅಚ್ಚಾಗಿ ಬಂತು. ಅಂಥವರು ವರ್ಷಗಟ್ಟಲೆ ಕೂತು ಮಾಡಿದ ನಕಲುಗಳಿಲ್ಲದಿದ್ದರೆ, ಆಮೇಲೆ ಉದುರಿದ ಎಷ್ಟೋ ಭಾಗ ನಮಗೆ ಇಲ್ಲವಾಗುತ್ತಿತ್ತು.

ಸಮಾಧಿಗೆ ಶಾಪ ಇದೆಯಾ?

ಇಲ್ಲ. ಬದಲಿಗೆ ಇಂಥ ಸಮಾಧಿಗಳಿಗೆ ಜನ ಬರಬೇಕು, ಹೆಸರು ಓದಬೇಕು, ನೈವೇದ್ಯದ ಮಾತು ಹೇಳಬೇಕು ಅನ್ನೋದೇ ಅವರ ಆಸೆಯಾಗಿತ್ತು. ಹೆಸರು ಬಾಯಲ್ಲಿ ಬಂದರೆ ಸತ್ತವನು ಬದುಕಿದ ಹಾಗೆ ಅಂತ ನಂಬಿದ್ದರು.

ನಾವೂ ಹೋಗಿ ನೋಡಬಹುದಾ?

ನೋಡಬಹುದು. ಲಕ್ಸರ್‌ನಿಂದ ದೋಣಿಯಲ್ಲಿ ಅಥವಾ ಸೇತುವೆ ಮೇಲೆ ಕಾರಲ್ಲಿ ಪಶ್ಚಿಮ ದಡಕ್ಕೆ ಬನ್ನಿ. ಮೆಮ್ನಾನ್‌ನ ದೊಡ್ಡ ಮೂರ್ತಿಗಳನ್ನು ದಾಟಿದರೆ ಟಿಕೆಟ್ ಕೊಡುವ ಜಾಗ. ರೆಖ್ಮಿರೆ ಮತ್ತು ಸೆನ್ನೆಫರ್ ಸಮಾಧಿಗಳಿಗೆ ಸೇರಿ ಒಂದೇ ಟಿಕೆಟ್ ಇಟ್ಟುಕೊಂಡು ಬಂದಿದ್ದಾರೆ. ದರ, ಫೋಟೊ ನಿಯಮ ಆಗಾಗ ಬದಲಾಗುತ್ತವೆ, ಹೋಗುವ ಮುಂಚೆ ವಿಚಾರಿಸಿ. ಸೆನ್ನೆಫರ್‌ನದು ಚಾವಣಿ ತುಂಬಾ ದ್ರಾಕ್ಷಿ ಬಳ್ಳಿ ಬರೆದ ಚೆಂದದ ಕೋಣೆ. ಅವನು ಅಮೆನೆಮೋಪೆಟ್‌ನ ಸಂಬಂಧಿ, ಥೀಬ್ಸ್ ನಗರದ ಮೇಯರ್ ಆಗಿದ್ದವನು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹೋಗುವುದು ಒಳ್ಳೆಯದು. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ.

ಹದಿನೈದೇ ನಿಮಿಷ ಇದ್ದರೆ ಏನು ನೋಡಲಿ?

ಓಣಿಗೆ ಹೋಗಿ. ಮೊದಲು ಎಡಗಡೆ ಕೆಳಗಿನ ಸಾಲುಗಳಲ್ಲಿ ಇಟ್ಟಿಗೆಯವರನ್ನು, ಎರಕದವರನ್ನು ನೋಡಿ. ಟಾರ್ಚ್ ಇಟ್ಟುಕೊಳ್ಳಿ, ಗೋಡೆ ಮಾತ್ರ ಮುಟ್ಟಬೇಡಿ. ಆಮೇಲೆ ಬಲಗಡೆ ತಿರುಗಿ ತೋಟದ ಕೊಳವನ್ನು ಹುಡುಕಿ. ಕೊಳವನ್ನು ಮೇಲಿಂದ ಕಂಡ ಹಾಗೆ ಚೌಕವಾಗಿ ಬರೆದಿದ್ದಾರೆ. ದಡದ ಮರಗಳು ನಾಲ್ಕೂ ಕಡೆ ಹೊರಕ್ಕೆ ಮಲಗಿದ ಹಾಗಿವೆ. ನೀರಿನ ಮಧ್ಯೆ ಒಂದು ದೋಣಿ, ಅದರಲ್ಲಿ ವಜೀರನ ಮೂರ್ತಿ. ದಡದಲ್ಲಿ ನಿಂತವರು ಹಗ್ಗ ಹಿಡಿದು ಅದನ್ನು ಮೆಲ್ಲಗೆ ಎಳೆಯುತ್ತಿದ್ದಾರೆ.